ತೋಟಕ್ಕೆ ನೀರು, ಗೇರ್ ಬಾಕ್ಸಿಗೆ ಗಾಳಿ

ಚಿತ್ರದುರ್ಗದ ಭೀಮಸಮುದ್ರದ ಹತ್ತಿರ ನಮ್ಮ ಭಾವನ ಅಡಿಕೆ ತೋಟ ಇದೆ. ಬೇಸಿಗೆಯಲ್ಲಿ ಬೋರ್ ಕೈಕೊಟ್ಟರೆ ಆ ಕಡೆಯವರು ಟ್ಯಾಂಕರ್ ನೀರು ತರಿಸಿ ಮರ ಉಳಿಸಿಕೊಳ್ಳುತ್ತಾರೆ. ಟ್ಯಾಂಕರ್ ನುಗ್ಗಲಾಗದ ಸಂದಿಯಲ್ಲಿರುವ ಎಳೆ ಗಿಡಗಳಿಗೆ ಮಾತ್ರ ಭಾವ ತಮ್ಮ ಡೀಸೆಲ್ ಪಿಕಪ್‌ನಲ್ಲೇ 500 ಲೀಟರಿನ ಟ್ಯಾಂಕ್ ಇಟ್ಟುಕೊಂಡು ನೀರು ಹೊಡೆಯುತ್ತಾರೆ. ಗಾಡಿ ಆಟೋಮ್ಯಾಟಿಕ್ ಗೇರಿನದು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಏಳೋ ಎಂಟೋ ಟ್ರಿಪ್ ಆಗಿತ್ತು. ಗೇರ್ ಬಾಕ್ಸ್ ಆಯಿಲ್ ಬಿಸಿಯಾಗಿದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಂಡಿತು. ಭಾವನಿಗೆ ನಂಬಿಕೆಯೇ ಬರಲಿಲ್ಲ. "ಹೈವೇದಾಗ ನೂರರಲ್ಲಿ ಬೆಂಗಳೂರಿಗೆ ಹೋಗಿ ಬಂದ್ರೂ ಹತ್ತದ ದೀಪ, ತೋಟದಾಗ ಆಮೆ ಥರ ಹೋದ್ರೆ ಹತ್ತುತ್ತಾ?" ಅಂದರು.

ಆಮೆ ಥರ ಹೋಗಿದ್ದಕ್ಕೇ ಹತ್ತಿತ್ತು.

ಇಂಥ ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಜಿನ್ನಿಗೂ ಗೇರಿಗೂ ನಡುವೆ ನಾವು ಕಾಲಿನಿಂದ ಒತ್ತುವ ಕ್ಲಚ್ ಇರುವುದಿಲ್ಲ. ಅಲ್ಲಿರುವುದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಹಾಕಿ ನೋಡಿ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಆಯಿಲ್ ಇದೆ, ಅಷ್ಟೇ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಅವರ ತಲೆಯಲ್ಲಿದ್ದದ್ದು ಕಾರಲ್ಲ, ಹಡಗು. ಉಗಿ ಟರ್ಬೈನಿನ ಭಾರೀ ವೇಗವನ್ನು ಹಡಗಿನ ನಿಧಾನದ ಪಂಖಕ್ಕೆ ಹೊಂದಿಸಬೇಕಿತ್ತು.

ಎರಡು ಫ್ಯಾನಿನ ವೇಗ ಒಂದೇ ಇದ್ದರೆ ಬಿಸಿ ಕಡಿಮೆ. ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗಿದರೆ ನಡುವಿನ ಆಯಿಲನ್ನು ಕಡೆದ ಹಾಗಾಗುತ್ತದೆ. ಕಡೆದರೆ ಬಿಸಿ ಹುಟ್ಟುತ್ತದೆ. 1845ರಲ್ಲಿ ಜೇಮ್ಸ್ ಜೂಲ್ ನೀರಿನೊಳಗೆ ಚಕ್ರ ತಿರುಗಿಸಿ ತೋರಿಸಿದ್ದೂ ಇದನ್ನೇ. ಹೈವೇಯಲ್ಲಿ ಕನ್ವರ್ಟರಿನ ಒಳಗಿನ ಲಾಕ್ ಬಿದ್ದು ಎರಡೂ ಒಂದಾಗಿ ತಿರುಗುತ್ತವೆ. ತೋಟದ ಮೆತ್ತನೆ ಮಣ್ಣಿನಲ್ಲಿ, ಏರಿನಲ್ಲಿ, ರಿವರ್ಸಿನಲ್ಲಿ ಆ ಲಾಕ್ ಬೀಳುವುದೇ ಇಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಏರಿನಲ್ಲಿ ಇಂಜಿನ್ 15 ಕಿಲೋವ್ಯಾಟ್ ಕೊಡುತ್ತಿದೆ, ಅದರಲ್ಲಿ ಮೂರನೇ ಒಂದು ಪಾಲು ಈ ಕಡೆತದಲ್ಲೇ ಹೋಯಿತು ಅಂದುಕೊಳ್ಳಿ. 5 ಕಿಲೋವ್ಯಾಟ್ ಬಿಸಿ. ಬಕೆಟ್ಟಿಗೆ ಹಾಕಿ ನೀರು ಕಾಯಿಸುವ 1 ಕಿಲೋವ್ಯಾಟಿನ ಕಾಯಿಲ್ ಗೊತ್ತಲ್ವಾ, ಅಂಥವು ಐದನ್ನು ಒಟ್ಟಿಗೆ ಗೇರ್ ಬಾಕ್ಸಿನೊಳಗೆ ಇಳಿಬಿಟ್ಟ ಹಾಗೆ. ಅದೂ ಆಯಿಲ್ ಬಿಸಿಯಾಗಲು ನೀರಿಗೆ ಬೇಕಾದ ಶಾಖದ ಅರ್ಧದಷ್ಟು ಸಾಕು. ಒಳಗಿರುವ 10 ಲೀಟರ್ ಆಯಿಲ್ ಮಾತ್ರವೇ ಆ ಬಿಸಿಯನ್ನೆಲ್ಲ ಕುಡಿದರೆ ಸುಮಾರು ಮೂರೂವರೆ ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ಆಯಿಲ್ ತಣಿಸುವ ಕೂಲರ್ ಇಲ್ಲದಿದ್ದರೆ ಐದು ನಿಮಿಷದಲ್ಲಿ ಕಥೆ ಮುಗಿಯಿತು.

ಈ ಆಯಿಲಿಗೆ 80ರಿಂದ 95 ಡಿಗ್ರಿ ಹಿತ. ಅದರ ಮೇಲೆ ಪ್ರತಿ ಹತ್ತು ಡಿಗ್ರಿಗೆ ಬಾಳಿಕೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಅಂದಾಜು. ಆಯಿಲ್ ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಒಳಗಿನ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ. ಜಾರಿದರೆ ಇನ್ನೂ ಬಿಸಿ.

ಭಾವ ಒಂದು ಗ್ಯಾರೇಜಿಗೆ ಹೋಗಿ ದೊಡ್ಡ ಕೂಲರ್ ಹಾಕಿಸಿಕೊಂಡು ಬಂದರು. ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ನಾನೇ ಮೊಬೈಲಿನಲ್ಲಿ ನೋಡಿದೆ. ಮೊದಲು ತೋಟದ ಏರಿನಲ್ಲಿ 116 ತೋರಿಸುತ್ತಿತ್ತು, ಈಗ 110. ಕೊಟ್ಟ ದುಡ್ಡಿಗೆ ಆರು ಡಿಗ್ರಿ. ಭಾವನ ಮುಖ ನೋಡಲಾಗಲಿಲ್ಲ.

ದಾವಣಗೆರೆಯ ಪಿ.ಬಿ. ರಸ್ತೆಯ ಕಡೆ ಒಬ್ಬ ಮೇಸ್ತ್ರಿ ಇದ್ದಾರೆ ಅಂತ ಕೇಳಿ ಅಲ್ಲಿಗೆ ಹೋದೆವು. ಅವರು ಬಾನೆಟ್ ಎತ್ತಿ ಪೈಪುಗಳ ಮೇಲೆ ಬೆರಳಾಡಿಸಿದರು. "ಕೂಲರ್ ಚಲೋ ಐತ್ರಿ. ಪೈಪು ಹಿಂದುಮುಂದಾಗ್ಯಾವ" ಅಂದರು.

ಇದು ನನಗೆ ಬಹಳ ಇಷ್ಟವಾದ ಭಾಗ. ಈ ಗಾಡಿಯಲ್ಲಿ ಕಂಪನಿಯವರು ಕೊಟ್ಟ ಕೂಲರ್ ರೇಡಿಯೇಟರಿನ ಒಳಗೇ ಇದೆ. ಇಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ, ನಡುವೆ ಹಾದುಹೋಗುವ ಒಂದು ಸಣ್ಣ ಪೈಪು. ಆ ಕೂಲಂಟೇ 90 ಡಿಗ್ರಿ ಇರುತ್ತದೆ. ನೀರು ಇಳಿಜಾರಿಗೇ ಹರಿಯುವ ಹಾಗೆ ಬಿಸಿಯೂ ಜಾಸ್ತಿ ಇರುವಲ್ಲಿಂದ ಕಡಿಮೆ ಇರುವಲ್ಲಿಗೇ ಹರಿಯುತ್ತದೆ. ಹಾಗಾಗಿ 90ರ ಕೂಲಂಟ್ ಏನೇ ಮಾಡಿದರೂ ಆಯಿಲನ್ನು 90ರ ಕೆಳಗೆ ಇಳಿಸಲಾರದು. 110 ಡಿಗ್ರಿಯ ಆಯಿಲಿಗೆ ಅಲ್ಲಿ ಸಿಗುವ ಇಳಿಜಾರು ಬರೀ 20 ಡಿಗ್ರಿ. ಹೊರಗಿನ ಗಾಳಿ 38 ಇದ್ದರೂ ಅಲ್ಲಿ ಸಿಗುವುದು 72. ಸುಡುಬಿಸಿಲಿನ ಗಾಳಿಯೂ ಗೇರ್ ಬಾಕ್ಸಿಗೆ ತಂಪೇ.

ಹಾಗಾದರೆ ಆಯಿಲ್ ಮೊದಲು ರೇಡಿಯೇಟರಿಗೆ ಹೋಗಿ, ಕೊನೆಗೆ ಗಾಳಿಯ ಕೂಲರಿಗೆ ಬಂದು, ಅಲ್ಲಿಂದ ನೇರ ಗೇರ್ ಬಾಕ್ಸಿಗೆ ಮರಳಬೇಕು. ಹಿಂದಿನ ಗ್ಯಾರೇಜಿನವರು ಉಲ್ಟಾ ಕೂರಿಸಿದ್ದರು. ಗಾಳಿಯಲ್ಲಿ ತಣಿದ ಆಯಿಲನ್ನು ಮತ್ತೆ ಬಿಸಿ ಕೂಲಂಟಿನ ಪಕ್ಕ ಹಾಯಿಸುತ್ತಿದ್ದರು. ಹಿಮ ಬೀಳುವ ದೇಶಗಳಲ್ಲಿ ಆಯಿಲ್ ಅತಿಯಾಗಿ ತಣಿದು ಗಟ್ಟಿಯಾಗದಿರಲಿ ಅಂತ ಬೇಕೆಂದೇ ಹೀಗೆ ಮಾಡುವುದುಂಟು. ದಾವಣಗೆರೆಯ ಏಪ್ರಿಲ್‌ಗೆ ಅದು ಬೇಡ.

ಮೇಸ್ತ್ರಿ ಇನ್ನೊಂದು ತಪ್ಪನ್ನೂ ಹಿಡಿದರು. ಇಂಜಿನ್ ಚಾಲೂ ಮಾಡಿಸಿ, ಫ್ಯಾನ್ ತಿರುಗಲಿ ಅಂತ ಎಸಿ ಹಾಕಿಸಿ, ಪೇಪರಿನ ಒಂದು ಹಾಳೆಯನ್ನು ಮುಂದಿನ ಗ್ರಿಲ್ಲಿಗೆ ಹಿಡಿದರು. ನಡುವೆ ಹಿಡಿದರೆ ಹಾಳೆ ಪಟ್ಟಂತ ಅಂಟಿಕೊಂಡು ನಿಂತಿತು. ಕೂಲರ್ ಇದ್ದ ಮೂಲೆಯಲ್ಲಿ ಸುಮ್ನೆ ಜಾರಿ ಕೆಳಗೆ ಬಿತ್ತು. ಅಲ್ಲಿಗೆ ಫ್ಯಾನಿನ ಎಳೆತವೇ ಇರಲಿಲ್ಲ. ಹೈವೇಯಲ್ಲಿ ಗಾಡಿಯ ಓಟಕ್ಕೇ ಗಾಳಿ ನುಗ್ಗುತ್ತದೆ, ಮೂಲೆಯಾದರೂ ನಡೆದೀತು. ಜೋಗಿಮಟ್ಟಿಯ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಬೀಸಬಹುದು, ಆದರೆ ಅಡಿಕೆ ಮರಗಳ ನಡುವೆ ಆಮೆ ನಡಿಗೆಯಲ್ಲಿ ಹೋಗುವ ಗಾಡಿಗೆ ಫ್ಯಾನ್ ಎಳೆದದ್ದೇ ಗಾಳಿ.

ಕೂಲರನ್ನು ಬಿಚ್ಚಿ ಕೈಗೆ ಕೊಟ್ಟರು. ತೆಳು ಅಲ್ಯೂಮಿನಿಯಂ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಮಾದರಿ. ಬಿಸಿ ಅಂಬಲಿಯ ಮೇಲೆ ಕೆನೆ ಕಟ್ಟಿ ಒಳಗೆ ಬಿಸಿ ಹಾಗೇ ಉಳಿಯುತ್ತದಲ್ಲ, ನುಣುಪಾದ ಪೈಪಿನಲ್ಲಿ ಆಯಿಲೂ ಹಾಗೇ. ಗೋಡೆಗೆ ತಾಗಿದ್ದು ತಣಿದು ಮಂದವಾಗುತ್ತದೆ, ನಡುವಿನ ಬಿಸಿ ಆಯಿಲ್ ತಣಿಯದೆಯೇ ದಾಟಿಬಿಡುತ್ತದೆ. ಈ ತಟ್ಟೆಗಳ ಒಳಗೆ ಸಣ್ಣ ಸಣ್ಣ ಏರುತಗ್ಗುಗಳಿವೆ. ಅಂಬಲಿಗೆ ಸೌಟು ಆಡಿಸಿದ ಹಾಗೆ ಆಯಿಲನ್ನು ಕಲಕುತ್ತಾ ಹೋಗುತ್ತವೆ.

ರೇಡಿಯೇಟರಿನ ಮುಂದಿರುವ ಎಸಿ ಕಂಡೆನ್ಸರಿನ ಮುಂದೆ, ಒಂದು ಬೆರಳಿನಷ್ಟು ಸಂದು ಬಿಟ್ಟು, ಕಬ್ಬಿಣದ ಬ್ರಾಕೆಟ್ಟಿನಲ್ಲಿ ಕೂರಿಸಿ, ಪೈಪುಗಳನ್ನು ಸರಿಯಾದ ಸರದಿಗೆ ಜೋಡಿಸಿದರು. ಪ್ಲಾಸ್ಟಿಕ್ ಟೈ ಹಾಕಿ ಕಂಡೆನ್ಸರಿನ ತೆಳು ಫಿನ್ನುಗಳಿಗೇ (ಗಾಳಿಗೆ ಬಿಸಿ ಬಿಡುವ ರೆಕ್ಕೆಗಳಿಗೇ) ಬಿಗಿಯುವವರಿದ್ದಾರೆ. ಗಾಡಿಯ ಅದುರಾಟಕ್ಕೆ ಒಂದಕ್ಕೊಂದು ಉಜ್ಜಿ ತೂತು ಬೀಳುತ್ತದೆ, ಹಾಗೆ ಮಾಡಿಸಲೇಬೇಡಿ. ಹೋಸ್ ಪೈಪೂ ಅಷ್ಟೇ, ಆಯಿಲಿಗೆಂದೇ ಮಾಡಿದ್ದು ಬೇಕು. ನೀರಿನ ಪೈಪು ಬಿಸಿ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ.

ಕೊನೆಗೆ ಆಯಿಲ್ ಲೆವಲ್. ಇದರಲ್ಲಿ ಆತುರ ಸಲ್ಲದು. ತಣ್ಣಗಿದ್ದಾಗಿನ 10 ಲೀಟರ್ ಆಯಿಲ್ 60 ಡಿಗ್ರಿ ಬಿಸಿಯೇರಿದರೆ ಹಿಗ್ಗಿ ಅರ್ಧ ಲೀಟರಿನಷ್ಟು ಜಾಸ್ತಿಯಾಗುತ್ತದೆ. ಅದಕ್ಕೇ ಕಂಪನಿ ಹೇಳಿದ ಬಿಸಿಯಲ್ಲೇ ಲೆವಲ್ ನೋಡಬೇಕು. ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ಲೆವಲ್ ಬೋಲ್ಟ್ ಬಿಚ್ಚಿದರು. ನಾನು ಮೊಬೈಲ್ ನೋಡುತ್ತಾ ಡಿಗ್ರಿ ಕೂಗುತ್ತಿದ್ದೆ. ಕೆಂಪು ಆಯಿಲ್ ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ ಬಿತ್ತು. ಹನಿ ಬಂದದ್ದೇ ಬೋಲ್ಟ್ ಬಿಗಿದರು.

ಮಾರನೇ ದಿನ ಅದೇ ಟ್ಯಾಂಕ್, ಅದೇ ಏರು. ಎಂಟನೇ ಟ್ರಿಪ್ಪಿನಲ್ಲಿ ಮೊಬೈಲ್ 93 ತೋರಿಸಿತು. ಭಾವನ ಕಡೆ ಮೊಬೈಲ್ ತಿರುಗಿಸಿದೆ. ಅವರು ಒಮ್ಮೆ ನೋಡಿ, ಇಳಿದು ಹೋಗಿ, ಪೈಪನ್ನು ಎಳೆ ಗಿಡದ ಬುಡಕ್ಕೆ ಹಿಡಿದರು.