ಸಾಲಿನೊಳಗಿನ ಅಂತರ ಮತ್ತು ಮುಸುಕಿನ ಜೋಳದ ಇಳುವರಿ

ಬೆಂಗಳೂರು ಸುತ್ತಿನ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಮುಂಗಾರಿನಲ್ಲಿ ಮುಸುಕಿನ ಜೋಳ ಬಿತ್ತುವವರಿಗೆ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಎಂಬ ಶಿಫಾರಸು ಚಿರಪರಿಚಿತ. ಈ ಲೆಕ್ಕದಲ್ಲಿ ಎಕರೆಗೆ ಸುಮಾರು 22,500 ಗಿಡಗಳು ನಿಲ್ಲಬೇಕು. ಆದರೆ ನೇಗಿಲ ಹಿಂದೆ ನಡೆಯುತ್ತಾ ಅಡಿಗೊಂದು ಕಾಳು ಬಿಡುವ ಹೆಣ್ಣಾಳಿನ ಕೈ ಎಷ್ಟೇ ಪಳಗಿದ್ದರೂ ಒಂದೆಡೆ ಎರಡು ಸಸಿ ಒತ್ತಾಗಿ, ಮುಂದೆ ಎರಡಡಿ ಖಾಲಿ ಬೀಳುವುದುಂಟು. ಇದರಿಂದ ಇಳುವರಿ ಎಷ್ಟು ತಗ್ಗುತ್ತದೆ ಎಂಬ ಪ್ರಶ್ನೆಗೆ ದೀರ್ಘ ಇತಿಹಾಸವಿದೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸಾಲಿನ ಅಗಲವನ್ನು ನಿರ್ಧರಿಸಿದ್ದು ಬೆಳೆಯಲ್ಲ, ಕುದುರೆ. ಅದು ಹಾಯುವಷ್ಟು, ಅಂದರೆ ಸುಮಾರು ಒಂದು ಮೀಟರ್ ಜಾಗ ಬಿಟ್ಟು, ಗುಳಿಗೆ ಮೂರು ನಾಲ್ಕು ಗಿಡ ಬೆಳೆಸಿ, ಉದ್ದಕ್ಕೂ ಅಡ್ಡಕ್ಕೂ ಕುಂಟೆ ಹೊಡೆಯುತ್ತಿದ್ದರು. 1930ರ ದಶಕದಲ್ಲಿ ಹೈಬ್ರಿಡ್ ತಳಿಗಳು ಬಂದಾಗ ಅಲ್ಲಿ ಹೆಕ್ಟೇರಿಗೆ ಸುಮಾರು 30,000 ಗಿಡಗಳಿದ್ದವು. ಇಂದು ಅದು 80,000ದ ಆಸುಪಾಸಿನಲ್ಲಿದೆ. ಹಳೆಯ ಮತ್ತು ಹೊಸ ತಳಿಗಳನ್ನು ಅಕ್ಕಪಕ್ಕದಲ್ಲಿ ಬೆಳೆದು ನೋಡಿದ ತಳಿವಿಜ್ಞಾನಿ ಡೊನಾಲ್ಡ್ ಡುವಿಕ್ ಕಂಡುಕೊಂಡಂತೆ, ಒಂಟಿ ಗಿಡದ ಸಾಮರ್ಥ್ಯ ಹೆಚ್ಚೇನೂ ಬದಲಾಗಿರಲಿಲ್ಲ. ಒತ್ತಿನಲ್ಲಿಯೂ ತೆನೆ ಕಟ್ಟುವ ಗುಣ ಹೆಚ್ಚಿತ್ತು. ಭಾರತದಲ್ಲಿ 1957ರಲ್ಲಿ ಮುಸುಕಿನ ಜೋಳದ ಅಖಿಲ ಭಾರತ ಸಮನ್ವಯ ಸಂಶೋಧನೆ ಆರಂಭವಾಗಿ, 1961ರಲ್ಲಿ ಗಂಗಾ, ಡೆಕ್ಕನ್ ಮುಂತಾದ ಹೈಬ್ರಿಡ್‌ಗಳು ಬಿಡುಗಡೆಯಾದವು.

ಗಿಡಗಳ ಸಂಖ್ಯೆಯ ಚರ್ಚೆಯ ಜೊತೆಗೆ ಅಂತರದ ಏರುಪೇರಿನ ಚರ್ಚೆಯೂ ಬೆಳೆಯಿತು. ಏರುಪೇರು ಹೆಚ್ಚಿದಂತೆ ಇಳುವರಿ ತಗ್ಗುತ್ತದೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ರಾಬರ್ಟ್ ನೀಲ್ಸನ್ ತೋರಿಸಿದರು. ಆದರೆ ಅಮೆರಿಕದ ವಿಸ್ಕಾನ್ಸಿನ್ ಮತ್ತು ಕೆನಡಾದ ಒಂಟಾರಿಯೊದಲ್ಲಿ ಗಿಡಗಳ ಒಟ್ಟು ಸಂಖ್ಯೆಯನ್ನು ಒಂದೇ ಮಟ್ಟದಲ್ಲಿರಿಸಿ ನಡೆಸಿದ ಪ್ರಯೋಗಗಳಲ್ಲಿ ಸಾಧಾರಣ ಏರುಪೇರಿನ ಪರಿಣಾಮ ಅಲ್ಪವೇ ಆಗಿತ್ತು. ಕಾರಣ ಸರಳವಾಗಿದೆ: ಖಾಲಿ ಜಾಗದ ಪಕ್ಕದ ಗಿಡ ಹೆಚ್ಚು ಬಿಸಿಲು ಪಡೆದು ದೊಡ್ಡ ತೆನೆ ಬಿಟ್ಟು, ಒತ್ತಿನಲ್ಲಿರುವ ಗಿಡದ ನಷ್ಟವನ್ನು ಬಹುಪಾಲು ತುಂಬಿಕೊಡುತ್ತದೆ. ಹಿಂದೆಮುಂದೆ ಮೊಳೆತ ಗಿಡಗಳಿಂದಾಗುವ ನಷ್ಟವೇ ಹೆಚ್ಚಿನದು, ಏಕೆಂದರೆ ತಡವಾಗಿ ಮೊಳೆತ ಸಸಿ ನೆರೆಯ ಗಿಡಗಳ ನೆರಳಿಗೆ ಸಿಕ್ಕಿ, ಕೊನೆಗೆ ನೀರು ಗೊಬ್ಬರ ತಿಂದು ತೆನೆ ಕೊಡದ ಬರಡು ಗಿಡವಾಗಬಹುದು.

ಆದ್ದರಿಂದ ನಮ್ಮ ಕೆಂಪು ಮಣ್ಣಿನ ಹೊಲಗಳಲ್ಲಿ ಅಳತೆಯ ಹಗ್ಗಕ್ಕಿಂತ ಮೊದಲು ಗಮನ ಸಲ್ಲಬೇಕಾದುದು ಹದವಾದ ತೇವಕ್ಕೆ ಮತ್ತು ಎಲ್ಲ ಕಾಳೂ ಒಂದೇ ಆಳಕ್ಕೆ ಬೀಳುವುದಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗುಳಿಗೆ ಎರಡು ಕಾಳು ಹಾಕಿದ್ದರೆ ದುರ್ಬಲ ಸಸಿಯನ್ನು ಬೇಗನೆ ಕಿತ್ತುಬಿಡಬೇಕು. ಖಾಲಿ ಜಾಗಕ್ಕೆ ಎರಡು ವಾರ ಕಳೆದು ಬೀಜ ಊರಿದರೆ ಅದರಿಂದ ಕಾಳಿನ ಫಸಲು ನಿರೀಕ್ಷಿಸುವಂತಿಲ್ಲ.