ಲ್ಯಾಟಿನ್ ಬರದಿದ್ದರೆ ಯುರೋಪಿನ ಪುರಾತತ್ವ ಓದಬಹುದಾ?

ಪ್ರಶ್ನೆ: ಇತಿಹಾಸದಲ್ಲಿ ಬಿಎ ಮುಗಿಸಿದ್ದೇನೆ. ಯುರೋಪಿಗೆ ಹೋಗಿ ಅಲ್ಲಿನ ಪುರಾತತ್ವದಲ್ಲಿ ಎಂಎ ಮಾಡುವ ಆಸೆ. ಲ್ಯಾಟಿನ್ ಆಗಲಿ, ಗ್ರೀಕ್ ಆಗಲಿ ಒಂದಕ್ಷರ ಬರುವುದಿಲ್ಲ. ಸೀಟು ಸಿಗುತ್ತದಾ?

ಸಿಗಬಹುದು. ಆದರೆ ಮೊದಲು ಯಾವ ಕಾಲವನ್ನು ಓದುತ್ತೀರಿ ಅಂತ ತೀರ್ಮಾನ ಮಾಡಿ.

ಯುರೋಪಿನ ಕಥೆಯಲ್ಲಿ ಬರವಣಿಗೆ ಶುರುವಾಗಿದ್ದು ತೀರಾ ಈಚೆಗೆ. ಜರ್ಮನಿಯ ಒಂದು ಗುಹೆಯಲ್ಲಿ 1939ರಲ್ಲಿ ದಂತದ ಬೊಂಬೆಯೊಂದು ಚೂರುಚೂರಾಗಿ ಸಿಕ್ಕಿತು. ಮನುಷ್ಯನ ಮೈ, ಸಿಂಹದ ತಲೆ. ನಮ್ಮವರಿಗೆ ತಕ್ಷಣ ನರಸಿಂಹ ನೆನಪಾಗುತ್ತಾನೆ. ಸಂಬಂಧ ಏನೂ ಇಲ್ಲ ಬಿಡಿ. ಅದಕ್ಕೆ ಸುಮಾರು 40,000 ವರ್ಷ. ಅದನ್ನು ಓದಲು ಲ್ಯಾಟಿನ್ ಯಾಕೆ? ಅಲ್ಲಿ ಬೇಕಾಗಿರುವುದು ಮೂಳೆ, ಕಲ್ಲು, ಮಣ್ಣಿನ ಪದರ ಗುರುತಿಸುವ ಕಣ್ಣು.

ರೋಮ್ ಕಡೆ ಮನಸ್ಸಿದ್ದರೆ ಲೆಕ್ಕ ಬೇರೆ. ಉತ್ತರ ಇಂಗ್ಲೆಂಡಿನ ವಿಂಡೋಲಾಂಡ ಎಂಬ ರೋಮನ್ ಕೋಟೆಯಲ್ಲಿ 1973ರಿಂದ ತೆಳು ಮರದ ಹಲಗೆಗಳು ಸಿಗುತ್ತಿವೆ. ಅವುಗಳ ಮೇಲೆ ಮಸಿಯಲ್ಲಿ ಬರೆದ ಪತ್ರ, ಚೀಟಿ, ಲೆಕ್ಕ. ಒಂದರಲ್ಲಿ ಸೈನಿಕನೊಬ್ಬನ ಹೆಸರಿನ ಮುಂದೆ ‘ಮೆಣಸು, 2 ಡೆನೇರಿಯಸ್’ ಎಂದಿದೆ. ಡೆನೇರಿಯಸ್ ಎಂದರೆ ರೋಮನ್ನರ ಬೆಳ್ಳಿ ನಾಣ್ಯ. ರೋಮಿಗೆ ಆಗ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಅಲ್ವಾ? ಘಟ್ಟದ ಕೆಳಗಿನ ಬಳ್ಳಿಯ ಕಾಳು ಆ ಚಳಿಯಲ್ಲಿ ಯಾರದೋ ಸಾಲದ ಪಟ್ಟಿಗೆ ಸೇರಿದೆ! ಇಂಥದ್ದನ್ನು ಓದಬೇಕಾದರೆ ಲ್ಯಾಟಿನ್ ಬೇಕೇ ಬೇಕು. ಜರ್ಮನಿಯಲ್ಲಂತೂ ಪ್ರಾಗಿತಿಹಾಸವೇ ಬೇರೆ ವಿಷಯ, ಗ್ರೀಕ್-ರೋಮನ್ ಪುರಾತತ್ವವೇ ಬೇರೆ. ಎರಡನೆಯದಕ್ಕೆ ಹಲವು ಕಡೆ ಲ್ಯಾಟಿನ್ ಪಾಸಾದ ಸರ್ಟಿಫಿಕೇಟ್ ಕೇಳುತ್ತಾರೆ.

ಭಾಷೆಗಿಂತ ಜಾಸ್ತಿ ತೂಕ ಇರುವುದು ಕೈಗೆ ಮಣ್ಣು ಹತ್ತಿದ ಅನುಭವಕ್ಕೆ. ನಮ್ಮ ದೇಶದ ಹೆಸರಾಂತ ಪುರಾತತ್ವಜ್ಞ ಎಚ್.ಡಿ. ಸಾಂಕಳಿಯಾ 1930ರ ದಶಕದಲ್ಲಿ ಲಂಡನ್ನಿನಲ್ಲಿ ಪಿಎಚ್‌ಡಿ ಮಾಡುವಾಗ, ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸುತ್ತಿದ್ದ, ಇಂಗ್ಲೆಂಡಿನ ಹಳೆಯ ಗುಡ್ಡದ ಕೋಟೆ ಮೇಡನ್ ಕ್ಯಾಸಲ್‌ಗೆ ಹೋಗಿ ಕೆಲಸ ಕಲಿತರು. ಅದೇ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿಸಿದರು. ಊರು ಯಾವುದಾದರೂ ಪದರ ಓದುವ ಕೆಲಸ ಒಂದೇ. ಹಾಗಾಗಿ ಇಲ್ಲೇ ಎಲ್ಲಾದರೂ ಉತ್ಖನನ ನಡೆಯುತ್ತಿದ್ದರೆ ಹೋಗಿ ಸೇರಿಕೊಳ್ಳಿ. ಮಡಕೆ ಚೂರು ತೊಳೆಯಲು ಕೂರಿಸಿದರೂ ಸರಿ. ಅರ್ಜಿಯಲ್ಲಿ ‘ಚಿಕ್ಕಂದಿನಿಂದ ಇತಿಹಾಸ ಎಂದರೆ ಇಷ್ಟ’ ಎಂದು ಸುಮ್ನೆ ಅರ್ಧ ಪುಟ ಬರೆಯುವುದಕ್ಕಿಂತ ‘ಉತ್ಖನನದಲ್ಲಿ ಕೆಲಸ ಮಾಡಿದ್ದೇನೆ’ ಎಂಬ ಒಂದು ಸಾಲು ವಾಸಿ.

ಖರ್ಚಿನ ಮಾತು. ಬ್ರಿಟನ್ನಿನಲ್ಲಿ ಎಂಎ ಸಾಮಾನ್ಯವಾಗಿ ಒಂದೇ ವರ್ಷ, ಆದರೆ ಹೊರದೇಶದವರಿಗೆ ಫೀಸು ದುಬಾರಿ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಪುರಾತತ್ವಕ್ಕೇ ಒಂದು ಪ್ರತ್ಯೇಕ ವಿಭಾಗವಿದೆ, ಎಂಎ ಪಾಠ ಇಂಗ್ಲಿಷಿನಲ್ಲಿ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಹೈಡಲ್‌ಬರ್ಗ್, ಟ್ಯೂಬಿಂಗನ್ ಇರುವ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ.

ಕೊನೆಗೆ, ನೀವು ಕೇಳದೇ ಬಿಟ್ಟ ಒಂದು ಭಾಷೆ. ಯುರೋಪಿನ ಪುರಾತತ್ವದ ಕೆಲಸ ಹೆಚ್ಚಾಗಿ ಇರುವುದು ರಸ್ತೆ, ಕಟ್ಟಡ ಕಟ್ಟುವ ಮುಂಚೆ ನೆಲ ಅಗೆದು ನೋಡುವ ಕಂಪನಿಗಳಲ್ಲಿ. ಅಲ್ಲಿನ ವರದಿ ಆ ದೇಶದ ಭಾಷೆಯಲ್ಲೇ ಇರುತ್ತದೆ. ಎಂಎ ಇಂಗ್ಲಿಷಿನಲ್ಲಿ ಮುಗಿಸಿದವರು ಇಲ್ಲೇ ಸಿಕ್ಕಿಕೊಳ್ಳುವುದು. ನನ್ನನ್ನು ಕೇಳಿದರೆ, ರೋಮ್ ಓದುವ ಹಟ ಇಲ್ಲದಿದ್ದರೆ ಲ್ಯಾಟಿನ್ ಪುಸ್ತಕ ಪಕ್ಕಕ್ಕಿಡಿ. ಫೀಸು ಕಡಿಮೆ ಅಂತ ಜರ್ಮನಿಗೆ ಹೋಗುವುದಾದರೆ, ಈ ವರ್ಷವೇ ಜರ್ಮನ್ ಕ್ಲಾಸಿಗೆ ಸೇರಿ.