ಗೋಡೆ ಒಣಗುವ ಮೊದಲು ಡಬ್ಬ ತೆರೆಯಬೇಡಿ

ಅಕ್ಟೋಬರ್ ಮುಗಿಯುತ್ತಾ ಬಂದಂತೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ‘ಪುತ್ತರಿ ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಆಗಬೇಕು, ಯಾವ ಕಂಪನಿಯದ್ದು ಒಳ್ಳೇದು?’ ಕಂಪನಿಯ ಮಾತಿಗೆ ಬರುವ ಮೊದಲು ನಾನು ಕೇಳುವುದೇ ಬೇರೆ. ಪಡುವಣ ಗೋಡೆ ಈಗ ಹೇಗಿದೆ? ಕೈಯಿಟ್ಟರೆ ತಣ್ಣಗಾಗುತ್ತದಾ? ಮನೆ ಹಿಂದೆ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ, ಇದೆಯಾ? ಕೊಡಗಿನಲ್ಲಿ ಬಣ್ಣ ಹಾಳಾಗಿರುವ ಮನೆಗಳನ್ನು ನೋಡಲು ಹೋದಾಗ ಬಣ್ಣದ್ದೇ ದೋಷ ಕಂಡದ್ದು ಬಹಳ ಅಪರೂಪ. ಗೋಡೆಯೊಳಗೆ ನೀರು ಇರುವಾಗಲೇ ಬಳಿದುಬಿಟ್ಟಿರುತ್ತಾರೆ.

ಜಿಲ್ಲೆಯೊಳಗೇ ಎಲ್ಲ ಕಡೆಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಮಡಿಕೇರಿಯಲ್ಲಿ ವರ್ಷದ ಸರಾಸರಿ ಮಳೆ 3,000 ಮಿಲಿಮೀಟರ್ ದಾಟುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಬಹಳ ಜಾಸ್ತಿ. ಅದೇ ಸುಮಾರು 30 ಕಿಲೋಮೀಟರ್ ಕೆಳಗಿಳಿದು ಕುಶಾಲನಗರಕ್ಕೆ ಬಂದರೆ ಬಯಲುಸೀಮೆಯ ಹವೆ. ಕುಶಾಲನಗರದ ನೆಂಟರ ಮನೆಯಲ್ಲಿ ಚೆನ್ನಾಗಿ ನಿಂತ ಬಣ್ಣ ನಾಪೋಕ್ಲಿನಲ್ಲೂ ಹಾಗೇ ನಿಲ್ಲುತ್ತದೆಂದು ನಂಬಬೇಡಿ. ಡಬ್ಬದ ಮೇಲೆ ಬರೆದ ವಾರಂಟಿಯ ವರ್ಷಗಳನ್ನೂ ಪೂರ್ತಿ ಓದಿಕೊಳ್ಳಿ. ಸೋರಿಕೆ, ಗೋಡೆಯ ತೇವ ಇವಕ್ಕೆ ಸಾಮಾನ್ಯವಾಗಿ ಅದು ಅನ್ವಯಿಸುವುದೇ ಇಲ್ಲ, ನಮ್ಮಲ್ಲಿ ಇರುವುದು ಅವೇ ಎರಡು ತೊಂದರೆ.

ಹಾಗಾಗಿ ಮೊದಲ ಕೆಲಸ ನೀರಿನ ದಾರಿ ಹುಡುಕುವುದು. ಇಳಿಜಾರು ಕಡಿದು ಕಟ್ಟಿದ ಮನೆಗಳಲ್ಲಿ ಬರೆಯ ಕಡೆಯ ಗೋಡೆ ಮಳೆಗಾಲವಿಡೀ ಒಳಗಿಂದ ಒಸರುತ್ತಿರುತ್ತದೆ. ಬರೆಯ ಮಣ್ಣು ಗೋಡೆಗೆ ತಾಗಿಕೊಂಡೇ ಇದ್ದರಂತೂ ಯಾವ ವಾಟರ್‌ಪ್ರೂಫ್ ಬಣ್ಣವೂ ಏನೂ ಮಾಡಲಾರದು. ಒಳಗಿಂದ ಬಳಿದ ಬಣ್ಣವನ್ನು ನೀರು ಗುಳ್ಳೆ ಎಬ್ಬಿಸಿ ತಳ್ಳುತ್ತದೆ, ಇಲ್ಲವೇ ಪಕ್ಕಕ್ಕೆ ಸರಿದು ಇನ್ನೊಂದು ಮೂಲೆಯಲ್ಲಿ ಹೊರಬರುತ್ತದೆ. ಮಣ್ಣನ್ನು ಗೋಡೆಯಿಂದ ಬಿಡಿಸಿ, ನಡುವೆ ಚರಂಡಿ ಮಾಡಿ, ನೀರು ಹರಿದುಹೋಗುವಂತೆ ವಾಟ ಕೊಡಿ. ಬಣ್ಣಕ್ಕೆಂದು ಇಟ್ಟ ದುಡ್ಡಿನಲ್ಲಿ ಒಂದು ಪಾಲು ಇದಕ್ಕೇ ಹೋದರೂ ಸರಿ. ಆದರೆ ಎತ್ತರದ ಬರೆಯ ಬುಡವನ್ನು ಸುಮ್ಮನೆ ಕೆತ್ತಲು ಹೋಗಬೇಡಿ, ತಿಳಿದವರಿಗೆ ತೋರಿಸಿಯೇ ಮಣ್ಣು ಮುಟ್ಟಬೇಕು. 2018ರ ಆಗಸ್ಟ್ ತಿಂಗಳ ಮಳೆ, ಗುಡ್ಡ ಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಡೆಯಲ್ಲಿ ಓರೆಯಾಗಿ ಹೋದ, ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕಿದ್ದರೆ ಅದನ್ನು ಪುಟ್ಟಿಯಿಂದ ಮುಚ್ಚದೆ ಎಂಜಿನಿಯರನ್ನು ಕರೆಸಿ.

ಎರಡನೆಯದು ತಾರಸಿ. ಮಾಡಿನ ಕೆಳಗೆ ಹಳದಿ ಕಲೆ ಬಿದ್ದರೆ ಬಣ್ಣದವನನ್ನು ಕರೆಯುತ್ತಾರೆ, ಮೇಲೆ ಹತ್ತಿ ನೋಡುವುದೇ ಇಲ್ಲ. ನಮ್ಮ ಮಳೆಗೆ ತಾರಸಿಯ ಮೇಲೆ ಶೀಟ್ ಹೊದೆಸಿ, ಸೂರನ್ನು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಚಾಚುವುದೇ ನನ್ನ ಮೊದಲ ಸಲಹೆ. ಅದರಿಂದ ಮೂರನೆಯ ತೊಂದರೆಯೂ ಅರ್ಧ ಕಡಿಮೆಯಾಗುತ್ತದೆ. ಅದು ಇರಚಲು. ಜೂನ್‌ನಿಂದ ಮಳೆ ಪಡುವಣ ಗಾಳಿಯ ಜೊತೆ ಅಡ್ಡಲಾಗಿ ಬಂದು ಬಡಿಯುತ್ತದೆ. ಮೂಡು ಗೋಡೆ ಬೆಳ್ಳಗಿರುವಾಗ ಪಡುವಣ ಗೋಡೆ ಕಪ್ಪಾಗಿರುವುದು ಇದಕ್ಕೇ. ನಾಲ್ಕೂ ಕಡೆಗೆ ಒಂದೇ ದರದ ಬಣ್ಣ ತರುವ ಬದಲು ಆ ಒಂದು ಗೋಡೆಗೆ ಒಳ್ಳೆಯ ದರ್ಜೆಯದ್ದು ತಂದು ಒಂದು ಕೋಟ್ ಹೆಚ್ಚು ಕೊಡಿ.

ಗೋಡೆ ಒಣಗಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮಾರನೆಯ ದಿನ ಬಿಡಿಸಿ ನೋಡಿ. ಹಾಳೆಯ ಒಳಮೈಯಲ್ಲಿ ಹನಿಯಿದ್ದರೆ, ಗೋಡೆಯ ಬಣ್ಣ ಅಲ್ಲಿ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹೊಸ ಸಾರಣೆಗೆ ಎಲ್ಲ ಕಡೆ 28 ದಿನ ಅನ್ನುತ್ತಾರೆ. ಅದು ಸಿಮೆಂಟು ಗಟ್ಟಿಯಾಗುವ ಲೆಕ್ಕ. ನಮ್ಮ ಥಂಡಿಯಲ್ಲಿ ಒಣಗಲು ಅಷ್ಟು ಸಾಲುವುದಿಲ್ಲ. ಮಳೆಗಾಲಕ್ಕೆ ಸಾರಣೆ ಮುಗಿದ ಮನೆಯಾದರೆ ಜನವರಿವರೆಗೆ ಬಿಟ್ಟುಬಿಡಿ. ಬೇಗ ಬಳಿದರೆ ಗಾರೆಯ ಕ್ಷಾರ ಮೇಲೆ ಬಂದು ಬಣ್ಣ ಮಚ್ಚೆಮಚ್ಚೆಯಾಗುತ್ತದೆ, ಬಿಳಿ ಉಪ್ಪು ಹೊಮ್ಮುತ್ತದೆ. ಆ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಇದೇ ಕಾರಣಕ್ಕೆ ಪುತ್ತರಿಗೆ ಮುಂಚಿನ ಅವಸರ ನನಗೆ ಒಪ್ಪಿಗೆಯಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಇದ್ದೇ ಇರುತ್ತದೆ. ಹಬ್ಬಕ್ಕೆ ಒಳಗಿನ ನಡುಮನೆಯನ್ನಷ್ಟೇ ಮಾಡಿಸಿ, ಹೊರಗಿನದನ್ನು ಡಿಸೆಂಬರ್ ನಡುವಿನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಆಗ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ, ಕಣದ ತುಂಬ ಕಾಫಿ ಹರಡಿರುತ್ತದೆ, ಎಲ್ಲ ನಿಜ. ಅದಕ್ಕೇ ಮೇಸ್ತ್ರಿಯನ್ನು ಸೆಪ್ಟೆಂಬರ್‌ನಲ್ಲೇ ಗೊತ್ತು ಮಾಡಿ, ಕಣದ ಕಡೆಯ ಗೋಡೆಯನ್ನು ಕೊನೆಗೆ ಇಟ್ಟುಕೊಳ್ಳಿ. ಕಾಫಿಗೆ ಬರುವ ಹೂಮಳೆ ಬಣ್ಣದವನಿಗೆ ಕೆಲಸ ನಿಲ್ಲಿಸುವ ಮಳೆ. ಡಿಸೆಂಬರ್‌ನಿಂದ ಫೆಬ್ರವರಿಯ ತಿಂಗಳುಗಳಲ್ಲೂ ಬೆಳಗಿನ ಮಂಜು ಗೋಡೆಯ ಮೇಲೆ ಕೂತಿರುತ್ತದೆ. ಹತ್ತು ಗಂಟೆಗೆ ಮುಂಚೆ ಹೊರಗೆ ಬ್ರಷ್ ಮುಟ್ಟಕೂಡದು, ಸಂಜೆ ನಾಲ್ಕಕ್ಕೆ ನಿಲ್ಲಿಸಬೇಕು. ದಿನಕ್ಕೆ ಸಿಗುವುದು ಆರು ಗಂಟೆ ಎಂದು ಮೊದಲೇ ಲೆಕ್ಕ ಹಾಕಿದರೆ ಮೇಸ್ತ್ರಿಯ ಜೊತೆ ಜಗಳ ಬರುವುದಿಲ್ಲ.

ಪಾಚಿಯ ಮೇಲೆ ಬಳಿದ ಬಣ್ಣ ಒಂದು ಮಳೆಗಾಲ ಕಾಣುವುದಿಲ್ಲ. ಉಜ್ಜಿ ತೆಗೆದರೆ ಸಾಲದು, ಬೇರು ಸಾಯಬೇಕು. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿ ಹಚ್ಚಿ, 15–20 ನಿಮಿಷ ಬಿಟ್ಟು ಗಡಸು ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆದು ಪೂರ್ತಿ ಒಣಗಲು ಬಿಡಿ. ಕೈಗವಸು ಹಾಕಿಕೊಳ್ಳಿ, ಕಣ್ಣು ಜೋಪಾನ. ಬ್ಲೀಚಿಗೆ ಆಸಿಡ್ ಅಥವಾ ಟಾಯ್ಲೆಟ್ ತೊಳೆಯುವ ದ್ರವ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಹೊರಗೋಡೆಗೆ ಪುಟ್ಟಿ ಬೇಡವೆಂದೇ ನಾನು ಹೇಳುತ್ತೇನೆ. ನುಣುಪು ಚೆಂದ ಕಾಣುತ್ತದೆ, ಆದರೆ ನಮ್ಮ ಮಳೆಯಲ್ಲಿ ನೀರು ಹಿಂದೆ ಸೇರಿದರೆ ಪುಟ್ಟಿ ಬಣ್ಣದ ಸಮೇತ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬಿರುಕು ಇದ್ದಲ್ಲಿ ಮಾತ್ರ ಕ್ರ್ಯಾಕ್ ಫಿಲ್ಲರ್ ತುಂಬಿ, ಒಂದು ಕೋಟ್ ಎಕ್ಸ್‌ಟೀರಿಯರ್ ಪ್ರೈಮರ್, ಮೇಲೆ ಎರಡು ಕೋಟ್ ಅಕ್ರಿಲಿಕ್ ಎಮಲ್ಷನ್. ಎರಡು ಕೋಟಿಗೆ ಲೀಟರಿಗೆ 50ರಿಂದ 60 ಚದರ ಅಡಿ ಎಂದು ಲೆಕ್ಕ ಹಿಡಿಯಿರಿ, ಒರಟು ಗೋಡೆಗೆ ಇನ್ನೂ ಕಡಿಮೆ. ಯಾರಾದರೂ 100 ಅಡಿ ಬರುತ್ತದೆ ಎಂದರೆ ನೀರು ಜಾಸ್ತಿ ಬೆರೆಸುತ್ತಾರೆ ಎಂದರ್ಥ. ಎಷ್ಟು ನೀರು ಬೆರೆಸಬೇಕೆಂದು ಡಬ್ಬದ ಮೇಲೇ ಇರುತ್ತದೆ, ಬೆರೆಸುವಾಗ ಪಕ್ಕದಲ್ಲಿ ನಿಂತು ಅಳತೆ ನೋಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಐನ್‌ಮನೆಗಳು (ಕೊಡವ ಕುಟುಂಬಗಳ ಮೂಲ ಮನೆಗಳು), ಹಳೆಯ ಮಣ್ಣಿನ ಗೋಡೆಯ ಮನೆಗಳು ಇರುವವರಿಗೆ ನನ್ನದು ಬೇರೆಯೇ ಮಾತು. ದಯವಿಟ್ಟು ಅಲ್ಲಿಗೆ ಸಿಮೆಂಟ್ ಸಾರಣೆ, ಪುಟ್ಟಿ, ಪ್ಲಾಸ್ಟಿಕ್ ಬಣ್ಣ ಒಯ್ಯಬೇಡಿ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಗೆಯಲ್ಲಿ ಬಿಡುತ್ತದೆ. ಆ ದಾರಿ ಮುಚ್ಚಿದರೆ ತೇವ ಒಳಗೇ ಉಳಿದು ಗೋಡೆ ಮೆತ್ತಗಾಗುತ್ತದೆ, ಅದಕ್ಕೆ ತಾಗಿದ ಮರದ ತೊಲೆ, ಕಂಬದ ಬುಡ ಕೊಳೆಯುತ್ತದೆ. ಸುಣ್ಣವೇ ಸರಿ. ಚೆನ್ನಾಗಿ ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಸೇರಿಸಿ, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಮೂರು ಸಲ ಹೊಡೆಯಿರಿ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕಾಗುತ್ತದೆ ನಿಜ, ಆದರೆ ಮನೆ ಉಳಿಯುತ್ತದೆ. ಈ ಕೆಲಸ ಬಲ್ಲ ಹಿರಿಯ ಗಾರೆಯವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಸಿಕ್ಕರೆ ಜೊತೆಗೆ ಒಬ್ಬ ಹುಡುಗನನ್ನೂ ನಿಲ್ಲಿಸಿ ಕಲಿಸಲು ಕೇಳಿಕೊಳ್ಳಿ.

ಹಳೆಯ ಬಾಗಿಲು, ಕಿಟಕಿಯ ಎನಾಮೆಲ್ ಕೆರೆಯುವಾಗ ಒಂದು ಎಚ್ಚರ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಿರಿ. ಒಣದಾಗಿ ಉಜ್ಜಬೇಡಿ, ಸುಡಬೇಡಿ. ಒದ್ದೆ ಮಾಡಿ ವಾಟರ್ ಪೇಪರ್‌ನಲ್ಲಿ ತಿಕ್ಕಿ, ಕೆಳಗೆ ಹಾಸಿದ ಹಾಳೆಯ ಸಮೇತ ಚೂರುಗಳನ್ನು ಕಟ್ಟಿ ತೆಗೆಯಿರಿ. ಮಕ್ಕಳನ್ನೂ ಬಸುರಿಯರನ್ನೂ ಆ ಕೋಣೆಗೆ ಬಿಡಬೇಡಿ. ಹೊಸ ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟಿಗೆ ನೇರವಾಗಿ ಎನಾಮೆಲ್ ಹೊಡೆದರೆ ಸತುವಿನ ಮೇಲೆ ಅದು ಹಿಡಿಯದು. ಜಿಐಗೆಂದೇ ಇರುವ ಪ್ರೈಮರ್ ಕೇಳಿ ತನ್ನಿ.

ಒಳಗೆ ಬೂಷ್ಟಿನದ್ದೇ ಕಾಟ. ಮಳೆಗಾಲದಲ್ಲಿ ಬಟ್ಟೆ ಒಳಗೇ ಒಣಹಾಕುತ್ತೇವೆ, ಕಿಟಕಿ ಮುಚ್ಚಿರುತ್ತೇವೆ, ಬೀರು ಗೋಡೆಗೆ ಒತ್ತಿಕೊಂಡಿರುತ್ತದೆ. ಬೀರನ್ನು ನಾಲ್ಕು ಬೆರಳು ಮುಂದೆ ಸರಿಸಿದರೆ ಆಗುವ ಉಪಕಾರ ದುಬಾರಿ ಬೂಷ್ಟು ನಿರೋಧಕ ಬಣ್ಣದಿಂದಲೂ ಆಗದು. ಅಡುಗೆಮನೆ, ಹಂಡೆ ಒಲೆಯಿರುವ ಬಚ್ಚಲಿಗೆ ಒರೆಸಲು ಬರುವ ಸ್ಯಾಟಿನ್ ಎಮಲ್ಷನ್ ಹಾಕಿಸಿ. ಡಿಸ್ಟೆಂಪರ್ ನಮ್ಮ ಹವೆಗೆ ಆಗಿಬರುವುದಿಲ್ಲ.

ಬಣ್ಣದ ಆಯ್ಕೆ ನಿಮ್ಮ ಇಷ್ಟ. ಸುತ್ತ ಮರಗಳ ಹಸಿರು, ಮೇಲೆ ಮೋಡ ಇರುವ ಮನೆಯಲ್ಲಿ ಬೂದು, ನೀಲಿ ಇನ್ನಷ್ಟು ಮಂಕಾಗುತ್ತವೆ, ಕೆನೆಬಣ್ಣ, ತಿಳಿ ಹಳದಿ ಬೆಳಕು ಕೊಡುತ್ತವೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಒಂದು ಲೀಟರ್ ತಂದು ಗೋಡೆಯ ಮೇಲೆ ಎರಡಡಿ ಚೌಕ ಬಳಿದು, ಬೆಳಗ್ಗೆ ಸಂಜೆ ನೋಡಿ. ಹೊರಗೆ ನೆಲದಿಂದ ಎರಡಡಿ ಎತ್ತರಕ್ಕೆ ಕಾವಿ ಅಥವಾ ಕಡು ಕಂದು ಪಟ್ಟಿ ಇರಲಿ. ಸೂರಿನ ನೀರು ಸಿಡಿಸುವ ಕೆಂಪು ಮಣ್ಣು ಅಲ್ಲಿ ಎದ್ದು ಕಾಣುವುದಿಲ್ಲ.

ಕೆಲಸ ಮುಗಿದ ದಿನ ಪ್ರತಿ ಬಣ್ಣದಲ್ಲೂ ಅರ್ಧ ಲೀಟರ್ ಉಳಿಸಿ, ಸಣ್ಣ ಡಬ್ಬಕ್ಕೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಮುಚ್ಚಳದ ಮೇಲೆ ಶೇಡ್ ನಂಬರ್, ಕೋಣೆ, ತಿಂಗಳು ಬರೆದಿರಲಿ. ಮುಂದಿನ ಮಳೆಗಾಲ ಕಳೆದು ಬಿಸಿಲು ನಿಂತಾಗ ಪಡುವಣ ಗೋಡೆಯನ್ನು ಒಮ್ಮೆ ಸುತ್ತಿ ನೋಡಿ, ಎದ್ದಲ್ಲಿ ಕೆರೆದು ಒಣಗಿಸಿ ಅದರಿಂದಲೇ ತೇಪೆ ಹಾಕಿ.